ನಾದಿನಿಯ ಐಚ್ಛಿಕ ವಿಷಯಗಳು

ಜೂನ್ ೨

ಪ್ರೀತಿಯ ಅತ್ತಿಗೆಗೆ,

ಬುಗುರಿಯ ಕೆಮ್ಮು, ಅಣ್ಣನ ಬೆನ್ನುನೋವು, ಇಲ್ಲಿಯ ಸೆಕೆ ಇವೆಲ್ಲವೂ ಭಾನುವಾರ ದೂರವಾಣಿಯಲ್ಲೇ ಮುಗಿದಿರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ‘ಹೌದು’ ಅಥವಾ ‘ಬೇಡ’ ಎನ್ನಬೇಕಾದ ಯಾವ ಮಾತನ್ನೂ ದೂರವಾಣಿಯಲ್ಲಿ ಎತ್ತಬಾರದು, ಕಾಗದದಲ್ಲೇ ಬರೆಯಬೇಕು, ಬಂದ ಕಾಗದವನ್ನು ಒಂದು ವಾರ ಇಟ್ಟುಕೊಂಡು ಆಮೇಲೆ ಉತ್ತರಿಸಬೇಕು ಎಂದು ಅಪ್ಪ ಹಾಕಿಕೊಟ್ಟ ಪದ್ಧತಿಯನ್ನು ಅವರು ಹೋದ ಮೇಲೂ ನಾವು ಮುರಿದಿಲ್ಲವಲ್ಲ. ‘ಫೋನಲ್ಲಿ ಕೇಳಿದ್ರೆ ಮನುಷ್ಯ ಸಂಕೋಚಕ್ಕೆ ಹೂಂ ಅಂದ್ಬಿಡ್ತಾನೆ ಕಣ್ರೇ’ ಎಂದು ಅವರು ಹೇಳುತ್ತಿದ್ದುದು ಈಗಲೂ ಕೇಳಿಸಿದಂತಾಗುತ್ತದೆ.

ವಿಷಯವಿಷ್ಟೆ. ನನ್ನ ಅಂತರ್ಜಾಲ ಶಾಲೆಯವರು ಕೊನೆಯ ವರ್ಷದ ಪಾಠಗಳನ್ನು ಆರಿಸಿಕೊಳ್ಳುವಂತೆ ತಿಳಿಸಿದ್ದಾರೆ. ಭಾಷೆ, ಗಣಿತ ಎಲ್ಲರಿಗೂ ಉಂಟು. ಉಳಿದ ಮೂರು ಐಚ್ಛಿಕ. ನಾನು ಲೆಕ್ಕಶಾಸ್ತ್ರ, ಕಚೇರಿ ನಿರ್ವಹಣೆ, ವಾಣಿಜ್ಯ ಪತ್ರವ್ಯವಹಾರ ತೆಗೆದುಕೊಳ್ಳಬೇಕೆಂದಿದ್ದೇನೆ. ಓದು ಮುಗಿದೊಡನೆ ನಿಮ್ಮ ಬಂದರಿನ ಕಚೇರಿಯಲ್ಲಿ ಗುಮಾಸ್ತೆಯಾಗಬಹುದು. ಒಂದೇ ಕುಟುಂಬದ ಇಬ್ಬರು ನೌಕರರಿದ್ದರೆ ಬಂದರಿನವರು ಮನೆ ಕೊಡುತ್ತಾರೆಂದು ನೀವೇ ಬರೆದಿದ್ದಿರಿ. ಆಗ ನೀವು ವರ್ಷಕ್ಕೆರಡು ಬಾರಿ ಮಗಳು ಬುಗುರಿಯ ಮುಖ ನೋಡಲು ಓಡಿ ಬರಬೇಕಾಗಿಲ್ಲ.

ಇದಲ್ಲದೆ ‘ವೃತ್ತಿಪಥ ಪರಿಚಯ’ ಎಂಬ ಕಿರುಪಾಠವೊಂದು ಎಲ್ಲರಿಗೂ ಕಡ್ಡಾಯ. ಯಾರಾದರೊಬ್ಬರು ಕೆಲಸ ಮಾಡುವ ಕಡೆ ಹೋಗಿ ಕುಳಿತು, ನೋಡಿ, ವರದಿ ಬರೆಯಬೇಕು. ನಮ್ಮ ಗಾಜಿನ ಅಂಗಡಿಯನ್ನೇ ಬರೆಯೋಣವೆಂದರೆ ಅಣ್ಣ, ‘ನನ್ನ ತಲೆ ಮೇಲೆ ಕೂತ್ಕೋಬೇಡ ಮಾರಾಯ್ತಿ, ಗಾಜು ಒಡೆಯುತ್ತೆ’ ಎಂದ. ಹಾಗಾಗಿ ಹಿಂದಿನ ಬೀದಿಯ ಹಲ್ಲಿನ ಮೇಷ್ಟ್ರ ಬಳಿ ಹೋದೆ. ದಂತವೈದ್ಯರಿಗೆಲ್ಲ ಕಟ್ಟುಹಲ್ಲು ಮಾಡಿಕೊಡುವವರು ಅವರೇ. ಅತ್ತಿಗೆ, ಅವರ ಕೋಣೆಯನ್ನು ನೀವು ನೋಡಬೇಕು. ಗೋಡೆಯುದ್ದಕ್ಕೂ ಕಪಾಟು, ಅದರ ತುಂಬ ಸುಣ್ಣದಂತೆ ಬೆಳ್ಳಗಿರುವ ದವಡೆಯ ಅಚ್ಚುಗಳು. ‘ಊರಿನ ಅರ್ಧ ಜನರ ನಗು ನನ್ನ ಕಪಾಟಲ್ಲಿದೆ, ಹುಷಾರಾಗಿ ನಡಿ’ ಎಂದರು. ಸಣ್ಣ ದೀಪದ ಮೇಲೆ ಮೇಣವನ್ನು ಬೆಚ್ಚಗೆ ಮಾಡಿ ಒಸಡಿನ ಆಕಾರಕ್ಕೆ ತರುತ್ತಾರೆ. ಆಮೇಲೆ ಹಲ್ಲುಗಳನ್ನು ಒಂದೊಂದಾಗಿ ಕೂರಿಸುತ್ತಾರೆ. ಎಲ್ಲ ಸಾಲಾಗಿ ಕುಳಿತ ಮೇಲೆ, ಬಂದವರ ಹಳೆಯ ಭಾವಚಿತ್ರವನ್ನು ನೋಡಿ ಯಾವುದಾದರೂ ಒಂದನ್ನು ಕೂದಲೆಳೆಯಷ್ಟು ಓರೆ ಮಾಡುತ್ತಾರೆ! ಏಕೆಂದು ಕೇಳಿದೆ. ‘ಎಲ್ಲಾ ನೆಟ್ಟಗಿದ್ರೆ ಅದು ಹಲ್ಲು, ಒಂದು ಓರೆ ಇದ್ರೆ ಅದು ಅವರ ಹಲ್ಲು’ ಎಂದರು. ಎರಡು ದವಡೆಗಳನ್ನು ಒಂದು ತಿರುಗಣಿಗೆ ಸಿಕ್ಕಿಸಿ ‘ಕಟ ಕಟ’ ಎಂದು ಕಚ್ಚಿಸಿ ನೋಡುವಾಗ ಬುಗುರಿ ನನ್ನ ಬೆನ್ನ ಹಿಂದೆ ಅವಿತುಕೊಂಡು, ‘ಅತ್ತೆ, ಅದಕ್ಕೆ ಹಸಿವಾಗಿದೆ’ ಎಂದಳು. ಮೇಷ್ಟ್ರು ನಕ್ಕದ್ದು ನೋಡಿದೆ. ಅವರ ಬಾಯಲ್ಲಿ ಒಂದೇ ಒಂದು ಹಲ್ಲಿಲ್ಲ. ‘ಸ್ವಂತಕ್ಕೆ ಮಾಡ್ಕೊಳ್ಳೋಕೆ ಪುರುಸೊತ್ತಿಲ್ಲಮ್ಮ’ ಎಂದರು.

ಕಾಗದ ಉದ್ದವಾಯಿತು. ಮೂರು ವಿಷಯಗಳಿಗೆ ನಿಮ್ಮ ಒಪ್ಪಿಗೆ ಬರೆಯಿರಿ.

ನಿಮ್ಮ ನಾದಿನಿ

*

ಜೂನ್ ೧೫

ಮುದ್ದಿನ ನಾದಿನಿಗೆ,

ನಿನ್ನ ಕಾಗದವನ್ನು ಪದ್ಧತಿಯಂತೆ ಒಂದು ವಾರ ಜೇಬಿನಲ್ಲಿಟ್ಟುಕೊಂಡು ದಿನವೂ ಕ್ರೇನ್ ಹತ್ತಿಸಿದ್ದೇನೆ. ಅಷ್ಟು ಎತ್ತರದಲ್ಲಿ ಕುಳಿತು ಓದಿದಾಗಲೂ ಒಂದು ಸಂಗತಿ ಕಣ್ಣಿಗೆ ಬಿದ್ದೇ ಬಿತ್ತು. ಲೆಕ್ಕಶಾಸ್ತ್ರಕ್ಕೆ ಒಂದೇ ಒಂದು ವಾಕ್ಯ. ಹಲ್ಲಿಗೆ ಇಡೀ ಪುಟ.

ಬೇಡ ಎಂದು ಬರೆಯಲು ಕುಳಿತೆ, ಕೈ ಬರಲಿಲ್ಲ. ನಿನ್ನ ಮುಂದೆ ದೊಡ್ಡವಳಂತೆ ನಟಿಸುವುದು ನನಗೆ ಆಗದು. ಆ ಮನೆಯನ್ನು ನಾನು ನೋಡಿ ಬಂದಿದ್ದೇನೆ. ಎರಡನೆಯ ಮಹಡಿ, ಎರಡು ಕೋಣೆ. ಅಡುಗೆಮನೆಯ ಕಿಟಕಿಯಿಂದ ನನ್ನ ಕ್ರೇನಿನ ಮೂತಿ ಕಾಣಿಸುತ್ತದೆ. ಬುಗುರಿಯ ಮಂಚ ಯಾವ ಗೋಡೆಗೆ ಎಂದು ಅಲ್ಲೇ ನಿಶ್ಚಯಿಸಿಬಿಟ್ಟೆ. ಬೀಗದ ಕೈ ಹಿಡಿದಿದ್ದ ಕಾವಲುಗಾರ, ‘ಅಮ್ಮಾ, ಇನ್ನೂ ಹಂಚಿಕೆ ಆಗಿಲ್ಲ, ಕನಸು ಕಾಣೋಕೆ ಆಮೇಲೆ ಬನ್ನಿ’ ಎಂದ. ಓದು ಮುಗಿಸಿ ಸೇರುವವರೊಬ್ಬರು ಮನೆಯಲ್ಲಿದ್ದಾರೆಂದು ಬರೆದುಕೊಟ್ಟರೂ ಸಾಕಂತೆ, ನನ್ನ ಹೆಸರಿಗೆ ಕಾದಿರಿಸುತ್ತಾರೆ. ಬರೆದುಕೊಟ್ಟಿದ್ದೇನೆ. ಇದು ನನ್ನ ಆಸೆ. ಆಸೆಯನ್ನು ಆಸೆಯೆಂದೇ ತಿಳಿ, ಆಜ್ಞೆಯೆಂದು ತಿಳಿಯಬೇಡ.

ನಿಮ್ಮ ಶಾಲೆಯಲ್ಲಿ ಮೊದಲ ಕೆಲವು ವಾರ ಯಾವ ತರಗತಿಯಲ್ಲಾದರೂ ಕುಳಿತು ನೋಡಬಹುದೆಂದು ಹಿಂದೊಮ್ಮೆ ಹೇಳಿದ್ದೆ. ಲೆಕ್ಕಶಾಸ್ತ್ರದಲ್ಲೂ ಕುಳಿತುಕೊ. ಹಲ್ಲಿನ ಕೆಲಸಕ್ಕೆ ಯಾವ ಪಾಠ ಬೇಕೋ ಅದರಲ್ಲೂ ಕುಳಿತುಕೊ. ಆಮೇಲೆ ಬರೆ.

ಇಲ್ಲಿಯ ಸುದ್ದಿ ಹೆಚ್ಚೇನಿಲ್ಲ. ನನ್ನ ಕ್ಯಾಬಿನ್ನಿನ ಕಾಲಡಿಯ ಗಾಜು ಬಿರುಕು ಬಿಟ್ಟಿದೆ. ಬಂದರಿನಲ್ಲಿ ಗಾಜು ಕೂರಿಸುವವನು ಕೆಲಸ ಬಿಟ್ಟು ಹೋಗಿದ್ದಾನೆ. ಸದ್ಯಕ್ಕೆ ಕೆಳಗಿನ ಪ್ರಪಂಚ ಎರಡು ಹೋಳಾಗಿ ಕಾಣುತ್ತದೆ.

ನಿನ್ನ ಅತ್ತಿಗೆ

*

ಜುಲೈ ೩

ಪ್ರೀತಿಯ ಅತ್ತಿಗೆಗೆ,

ನೀವು ಹೇಳಿದಂತೆಯೇ ಎರಡರಲ್ಲೂ ಕುಳಿತೆ. ಲೆಕ್ಕಶಾಸ್ತ್ರ ನನಗೆ ಸುಲಭ. ಪಾಠ ಹೇಳುವವರು ಪರದೆಯ ಮೇಲೆ ಎಲ್ಲರೆದುರು ನನ್ನನ್ನು ಹೊಗಳಿದರು. ರಸಾಯನಶಾಸ್ತ್ರದ ಮೊದಲ ಕಿರುಪರೀಕ್ಷೆಯಲ್ಲಿ ಮಾತ್ರ ನೆಲಕಚ್ಚಿದೆ. ಹಲ್ಲಿನ ತಾಂತ್ರಿಕ ಶಿಕ್ಷಣಕ್ಕೆ ಸೇರಬೇಕಾದರೆ ರಸಾಯನಶಾಸ್ತ್ರ, ಜೀವಶಾಸ್ತ್ರ ಎರಡೂ ಬೇಕೇ ಬೇಕಂತೆ, ಜೊತೆಗೆ ಶಿಲ್ಪಕಲೆ ಇದ್ದರೆ ಒಳ್ಳೆಯದಂತೆ. ಮೇಣದಲ್ಲಿ ಒಂದು ದವಡೆಹಲ್ಲು ಕೆತ್ತಿ ಮೇಷ್ಟ್ರಿಗೆ ತೋರಿಸಿದೆ. ಅತ್ತಿತ್ತ ತಿರುಗಿಸಿ, ‘ಇದು ಹಲ್ಲೋ ಆಲೂಗಡ್ಡೆಯೋ?’ ಎಂದರು. ಕೆಡಿಸಿ ಮತ್ತೆ ಕೆತ್ತಿದೆ. ‘ಈಗ ಹಲ್ಲಾಗೋಕೆ ಮನಸ್ಸು ಮಾಡಿರೋ ಆಲೂಗಡ್ಡೆ’ ಎಂದರು.

ಶಾಲೆಯ ಮಾರ್ಗದರ್ಶಿ ಮೇಡಂ, ‘ಯಾವ ಕೆಲಸ ಮಾಡ್ತಿದ್ರೆ ನಿಂಗೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ?’ ಎಂದು ಕೇಳಿದರು. ಲೆಕ್ಕ ಎಂದೆ. ಇವತ್ತು ಬೆಳಗ್ಗೆ ಮೂರೂ ವಾಣಿಜ್ಯದ ವಿಷಯಗಳಿಗೇ ಹೆಸರು ನೋಂದಾಯಿಸಿದೆ. ಅಣ್ಣ ಗಾಜು ಅಳೆಯುತ್ತಿದ್ದವನು ತಲೆಯೆತ್ತದೆ ಪರದೆಯ ಮೇಲಿನ ಪೋಷಕರ ಒಪ್ಪಿಗೆಯ ಗುಂಡಿ ಒತ್ತಿದ.

ಬೇಸರಪಟ್ಟು ಮಾಡಿದೆನೆಂದು ತಿಳಿಯಬೇಡಿ. ನಾನು ಎಂಟು ವರ್ಷದವಳಿದ್ದಾಗ ನೀವು ಈ ಮನೆಗೆ ಬಂದಿರಿ. ತಾಯಿಯಿಲ್ಲದ ಮನೆಯಲ್ಲಿ ನನ್ನ ತಲೆಯನ್ನು ಯಾರೂ ನೋಡಿರಲಿಲ್ಲ. ಬಂದವರು ಮದುಮಗಳ ಬಟ್ಟೆಯನ್ನೂ ಬದಲಿಸದೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇನು ಹೆಕ್ಕಿದಿರಿ. ನೆಂಟರು ಮುಖ ಸಿಂಡರಿಸಿದಾಗ, ‘ನಿಮ್ಮ ತಲೇನೂ ನೋಡ್ಬೇಕಾ?’ ಎಂದು ಕೇಳಿದಿರಿ. ಅದಕ್ಕೆ ಪ್ರತಿಯಾಗಿ ನಾನು ಇದುವರೆಗೆ ಏನೂ ಮಾಡಿಲ್ಲ. ಬುಗುರಿಯ ಮಂಚ ನೀವು ಹೇಳಿದ ಗೋಡೆಗೇ ಇರಲಿ.

ನಿಮ್ಮ ನಾದಿನಿ

*

ಜುಲೈ ೪

ಮುದ್ದಿನ ನಾದಿನಿಗೆ,

ನಿನ್ನ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ. ಹಿಂದಿನ ಕಾಗದದಲ್ಲಿ ಮನೆಯ ವರ್ಣನೆ ಮಾಡಿ ತಪ್ಪು ಮಾಡಿದೆನೆಂದು ಅಂಚೆಗೆ ಹಾಕಿದ ದಿನದಿಂದಲೂ ಕೊರೆಯುತ್ತಿತ್ತು. ಅಡುಗೆಮನೆಯ ಕಿಟಕಿಯನ್ನು ತೋರಿಸಿ, ಆಮೇಲೆ ‘ನಿನ್ನಿಷ್ಟ’ ಎನ್ನುವುದು ಎಂಥ ಇಷ್ಟ?

ಆದ್ದರಿಂದ ಆ ಮನೆಯನ್ನು ಬಿಟ್ಟುಕೊಟ್ಟಿದ್ದೇನೆ. ನನ್ನ ಪಾಳಿಯ ಗೆಳತಿಯ ತಮ್ಮನಿಗೂ ಇಲ್ಲಿಯೇ ಕೆಲಸವಾಗಿದೆ. ಅವರಿಗೆ ಕೊಡಲಿ ಎಂದು ನಿನ್ನೆ ಸಹಿ ಮಾಡಿದೆ. ಇನ್ನು ನಿನ್ನನ್ನು ಲೆಕ್ಕಶಾಸ್ತ್ರದ ಕಡೆಗೆ ಎಳೆಯುವ ಯಾವ ಹಗ್ಗವೂ ಇಲ್ಲ. ಹಲ್ಲಿನ ಕೆಲಸಕ್ಕೆ ರಸಾಯನಶಾಸ್ತ್ರ ಬೇಕೆಂದು ಇಲ್ಲಿಯ ದಂತವೈದ್ಯರಲ್ಲಿ ವಿಚಾರಿಸಿಕೊಂಡಿದ್ದೇನೆ; ಧಾರಾಳವಾಗಿ ರಸಾಯನಶಾಸ್ತ್ರ ತೆಗೆದುಕೊ.

ಕ್ರೇನ್ ತರಬೇತಿಗೆ ನಾನು ಆಯ್ಕೆಯಾದ ದಿನ ನೆನಪಿದೆಯೇ? ತವರಿನವರು, ನೆರೆಯವರು, ಕೊನೆಗೆ ನಿನ್ನ ಅಣ್ಣನೂ, ‘ಮಗು ಗತಿ ಏನು?’ ಎಂದು ಕೇಳಿದರು. ನೀನೊಬ್ಬಳು ಮಾತ್ರ, ‘ಎಷ್ಟು ಎತ್ತರ ಅತ್ತಿಗೆ ಅದು?’ ಎಂದು ಕೇಳಿದೆ. ಮರುವಾರವೇ ಶಾಲೆಯ ಸಮವಸ್ತ್ರವನ್ನು ಮಡಿಸಿಟ್ಟು, ‘ಜನಜಂಗುಳಿ ನನಗಾಗದು, ಮನೆಯಿಂದಲೇ ಓದುತ್ತೇನೆ’ ಎಂದೆ. ಜನಜಂಗುಳಿ ನಿನಗೆ ಆಗದೆ ಏನು, ಸಂತೆಯಲ್ಲಿ ಬಿಟ್ಟರೂ ಸ್ನೇಹ ಮಾಡಿಕೊಂಡು ಬರುವವಳು ನೀನು. ಅಂದು ನಾನು ನಂಬಿದಂತೆ ನಟಿಸಿದೆ. ಇನ್ನೊಮ್ಮೆ ನಟಿಸಲಾರೆ.

ನಿನ್ನ ಅತ್ತಿಗೆ

*

ಜುಲೈ ೧೫

ಶ್ರೀಮತಿಯವರಿಗೆ,

ಮದುವೆಯಾದ ಮೇಲೆ ನಾನು ಬರೆಯುತ್ತಿರುವ ಎರಡನೆಯ ಕಾಗದವಿದು. ಮೊದಲನೆಯದನ್ನು ನೆನೆಸಿಕೊಂಡು ನೀನು ಈಗಲೂ ನಗುತ್ತೀಯೆ. ಆದ್ದರಿಂದ ಮೊದಲು ನಕ್ಕು ಮುಗಿಸಿ ಆಮೇಲೆ ಓದು. ಒಂದು ವಾರ ಕಾಯುವ ಪದ್ಧತಿಯನ್ನು ಪಾಲಿಸದೆ ಇವತ್ತೇ ಬರೆಯುತ್ತಿದ್ದೇನೆ. ಅಪ್ಪ ಕ್ಷಮಿಸಲಿ.

ನಿನ್ನ ಕಾಗದ ಓದಿದವಳು ಅಡುಗೆಮನೆಗೆ ಹೋಗಿ ಎಷ್ಟು ಹೊತ್ತಾದರೂ ಮುಖ ತೊಳೆಯುತ್ತಲೇ ಇದ್ದಳು. ‘ಏನೇ ಅದು?’ ಎಂದೆ. ‘ಸೋಪು ಕಣ್ಣಿಗೆ ಹೋಯ್ತು’ ಎಂದಳು. ‘ಸೋಪು ಬಚ್ಚಲಲ್ಲಿದೆ’ ಎಂದೆ. ಆಗ ಕಾಗದವನ್ನು ಕೈಗಿತ್ತಳು. ನಿಮ್ಮಿಬ್ಬರ ಕಾಗದಗಳು ದಾರಿಯಲ್ಲಿ ಎದುರುಬದುರಾಗಿ ಹಾದುಹೋಗಿವೆ. ಅವಳು ನಿನಗಾಗಿ ಹಲ್ಲು ಬಿಟ್ಟಳು. ನೀನು ಅವಳಿಗಾಗಿ ಮನೆ ಬಿಟ್ಟೆ. ಈಗ ಹಲ್ಲೂ ಇಲ್ಲ, ಮನೆಯೂ ಇಲ್ಲ.

ಇದರ ನಡುವಿನ ಭಾನುವಾರಗಳಲ್ಲಿ ನೀವಿಬ್ಬರೂ ಫೋನಿನಲ್ಲಿ ಮಾತಾಡಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ‘ಊಟ ಆಯ್ತಾ ಅತ್ತಿಗೆ?’ ‘ಆಯ್ತು ಮರಿ. ಅಲ್ಲಿ ಸೆಕೆನಾ?’ ‘ಸೆಕೆ ಅಂದ್ರೆ ಸೆಕೆ.’ ಒಬ್ಬಳು ಶಾಲೆಯಲ್ಲಿ ಹೆಸರು ಬರೆಸಿ ಬಂದಿದ್ದಾಳೆ, ಇನ್ನೊಬ್ಬಳು ಮನೆಯ ಹಕ್ಕಿಗೆ ಸಹಿ ಹಾಕಿ ಬಂದಿದ್ದಾಳೆ, ಇಬ್ಬರೂ ಸೆಕೆಯ ಬಗ್ಗೆ ಮಾತಾಡುತ್ತಾರೆ! ಪ್ರಪಂಚದಲ್ಲಿ ಇನ್ನಾವ ಮನೆಯಲ್ಲೂ ಇಂಥ ಪ್ರಮಾದ ನಡೆಯಲಾರದು.

ಈಗ ನನ್ನ ಮಾತು. ಬಂದರಿಗೆ ಈ ಮನೆಯಿಂದ ಇನ್ನೊಬ್ಬರು ಬೇಕೆಂದರೆ ನಾನೇನು ಈ ಮನೆಯವನಲ್ಲವೇ? ಒಪ್ಪಿಗೆ ಕೇಳಿದಿರಿ, ಗುಂಡಿ ಒತ್ತಿದೆ. ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅಪ್ಪನ ಅಂಗಡಿಯನ್ನು ನಾನು ಬಿಡಲಾರೆನೆಂದು ನೀವು ತಿಳಿದಿರಿ. ಮುಚ್ಚಿದರೆ ನೀವಿಬ್ಬರೂ ನೊಂದುಕೊಳ್ಳುವಿರೆಂದು ನಾನು ತಿಳಿದೆ. ಈಗೆಲ್ಲ ಕಿಟಕಿಗಳು ಗಾಜಿನ ಸಮೇತ ಕಾರ್ಖಾನೆಯಿಂದಲೇ ಬರುತ್ತವೆ. ನನ್ನ ಬಳಿಗೆ ಬರುವವರು ಒಡೆದ ಕನ್ನಡಿಯವರು ಮಾತ್ರ. ನಿನ್ನ ಕಾಲಡಿಯ ಗಾಜು ಬಿರುಕು ಬಿಟ್ಟಿದೆ, ಹಾಕುವವರಿಲ್ಲ ಎಂದು ನೀನೇ ಬರೆದಿದ್ದೀಯಂತೆ. ಹೆಂಡತಿಯ ಕಾಲಡಿಯ ಗಾಜು ಒಡೆದಿದ್ದರೂ ಗಾಜಿನವನಿಗೆ ಯಾರೂ ಒಂದು ಮಾತು ಹೇಳಲಿಲ್ಲವಲ್ಲ!

ಶಾಲೆಯ ಮಾರ್ಗದರ್ಶಿಯ ಜೊತೆ ನಾನೇ ಮಾತಾಡಿದೆ. ಈ ತಿಂಗಳ ಕೊನೆಯವರೆಗೆ ವಿಷಯ ಬದಲಿಸಬಹುದಂತೆ, ಆದರೆ ರಸಾಯನಶಾಸ್ತ್ರದಲ್ಲಿ ಹಿಂದಿರುವುದರಿಂದ ಪ್ರತಿ ಶನಿವಾರ ಹೆಚ್ಚಿನ ತರಗತಿಗೆ ಕೂರಬೇಕಂತೆ. ಅವಳು, ‘ಅತ್ತಿಗೆ ಹೇಳಲಿ’ ಎಂದು ಹಟ ಹಿಡಿದಿದ್ದಾಳೆ. ಬೇಗ ಹೇಳು.

ನಿನ್ನ ಗಾಜಿನವನು

*

ಜುಲೈ ೨೩

ಗಾಜಿನವರಿಗೂ ಅವರ ತಂಗಿಗೂ,

ನಕ್ಕು ಮುಗಿಸಿ ಓದಬೇಕೆಂದು ಅಪ್ಪಣೆಯಾಗಿತ್ತು. ಓದುತ್ತಾ ಅತ್ತದ್ದರಿಂದ ಕ್ರಮ ತಪ್ಪಿತು.

ದುರಸ್ತಿ ವಿಭಾಗದವರನ್ನು ವಿಚಾರಿಸಿದ್ದೇನೆ. ಒಮ್ಮೆ ಬಂದು ಕೈಚಳಕ ತೋರಿಸಿ ಹೋಗಬೇಕು. ಒಪ್ಪಿದರೆ ಮುಂದಿನ ವರ್ಷ ಜೂನ್ ಕೊನೆಯಿಂದ ಕೆಲಸ. ಹೊಸ ಮನೆಯೂ ಅಷ್ಟು ಹೊತ್ತಿಗೆ ಖಾಲಿಯಾಗಬಹುದು. ಅದರ ಅಡುಗೆಮನೆಗೆ ಕಿಟಕಿಯಿದೆಯೋ ಇಲ್ಲವೋ, ಈ ಸಲ ನಾನು ನೋಡಲು ಹೋಗುವುದಿಲ್ಲ.

ಮರಿ, ನಾನು ಹೇಳಬೇಕೆಂದು ಕಾಯಬೇಡ. ‘ರಸಾಯನಶಾಸ್ತ್ರ ತೆಗೆದುಕೊ’ ಎಂದು ಹಿಂದಿನ ಸಲ ಬರೆದದ್ದೂ ನನ್ನ ತಪ್ಪೇ. ಅದೂ ಒಂದು ಬಗೆಯ ಎಳೆತ. ನಿನ್ನ ಅಣ್ಣನಿಗೆ ಕೆಲಸ ಸಿಕ್ಕರೂ ಸಿಗದಿದ್ದರೂ, ಮನೆ ಬಂದರೂ ಬರದಿದ್ದರೂ, ಏನನ್ನು ಓದಬೇಕೆಂದು ನಿನಗೆ ಅನ್ನಿಸುತ್ತದೆ? ಅದನ್ನು ನನಗೆ ಬರೆಯಬೇಡ. ಶಾಲೆಗೆ ಬರೆ.

ಅತ್ತಿಗೆ

*

ನವೆಂಬರ್ ೧೯

ಪ್ರೀತಿಯ ಅತ್ತಿಗೆಗೆ,

ರಸಾಯನಶಾಸ್ತ್ರದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ತೇರ್ಗಡೆಯಾದೆ. ಅಂಚಿನಲ್ಲೇ, ಆದರೂ ಒಳಗಡೆ. ಶನಿವಾರದ ಪಾಠದವರು, ‘ನೀನು ಪ್ರಶ್ನೆಗೆ ಉತ್ತರ ಬರೆಯೋದು ಕಡಿಮೆ, ಪ್ರಶ್ನೇನೇ ತಿರುಗಿ ಕೇಳೋದು ಜಾಸ್ತಿ’ ಎನ್ನುತ್ತಾರೆ. ಅಂಟು ಏಕೆ ಅಂಟುತ್ತದೆ, ಪುಡಿಗೆ ದ್ರವ ಬೆರೆಸಿದರೆ ಅದು ಬಿಸಿಯಾಗಿ ಗಟ್ಟಿಯಾಗುವುದೇಕೆ ಎಂದೆಲ್ಲ ಕೇಳುತ್ತೇನೆ. ಮೇಷ್ಟ್ರ ಮೇಜಿನ ಮೇಲೆ ದಿನವೂ ನಡೆಯುವುದು ಅದೇ ತಾನೆ! ಬೆಳಗಿನ ಹೊತ್ತು ಬುಗುರಿಯನ್ನು ಅಣ್ಣ ಶಿಶುವಿಹಾರಕ್ಕೆ ಬಿಟ್ಟುಬರುತ್ತಾನೆ. ಅಲ್ಲಿ ಅವಳು ಯಾರನ್ನೋ ಕಚ್ಚಿ ಬಂದಳು. ಅವಳಿಗೂ ಹಲ್ಲಿನ ಕಡೆಗೇ ಒಲವು.

ಕಳೆದ ತಿಂಗಳು ಮೇಷ್ಟ್ರ ಬಳಿಗೆ ಒಬ್ಬ ಹೆಂಗಸು ಬಂದಿದ್ದರು. ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುತ್ತಿದ್ದವರು, ಈಗ ನಿವೃತ್ತರು. ಹಲ್ಲುಗಳೆಲ್ಲ ಉದುರಿದ ಮೇಲೆ ಮನೆಯವರೊಡನೆಯೂ ಮಾತು ಬಿಟ್ಟಿದ್ದರಂತೆ. ‘ಗಾಳಿ ಹೋಗುತ್ತೆ, ಮಾತು ಬರಲ್ಲ’ ಎಂದು ಚೀಟಿಯಲ್ಲಿ ಬರೆದು ತೋರಿಸಿದರು. ಮೇಲಿನ ಸಾಲನ್ನು ಜೋಡಿಸುವಾಗ ಮೇಷ್ಟ್ರು ಪಕ್ಕಕ್ಕೆ ಸರಿದು, ‘ಆ ಓರೆ ನೀನೇ ಇಡು’ ಎಂದರು. ಭಾವಚಿತ್ರವನ್ನು ಎಷ್ಟು ಸಲ ನೋಡಿದೆನೋ! ಎಡಗಡೆಯ ಕೋರೆಹಲ್ಲು ತುಸು ಮುಂದಕ್ಕಿತ್ತು. ಹಾಗೆಯೇ ಕೂರಿಸಿದೆ. ಮೇಷ್ಟ್ರು ತಿರುಗಣಿಗೆ ಸಿಕ್ಕಿಸಿ ಕಚ್ಚಿಸಿ ನೋಡಿದರು. ಆಲೂಗಡ್ಡೆ ಎನ್ನಲಿಲ್ಲ.

ತಯಾರಾದ ದಿನ ಆಕೆ ಹಲ್ಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಆಮೇಲೆ ಗಂಟಲು ಸರಿಮಾಡಿಕೊಂಡು, ‘ಪ್ರಯಾಣಿಕರು ದಯವಿಟ್ಟು ಗಮನಿಸಿ’ ಎಂದು ಎಂಥ ಗಂಭೀರ ಸ್ವರದಲ್ಲಿ ಶುರುಮಾಡಿದರೆಂದರೆ, ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು ಅತ್ತಿತ್ತ ನೋಡಿದ! ಒಂದು ರೈಲಲ್ಲ, ನಾಲ್ಕಾರು ರೈಲುಗಳನ್ನು ಕಳುಹಿಸಿಯೇ ಮನೆಗೆ ಹೊರಟರು. ಮೇಷ್ಟ್ರು ಆ ದಿನ ನನಗೆ ಕಲಿಸಿದ್ದೇನೂ ಇಲ್ಲ. ಇಬ್ಬರೂ ಸುಮ್ಮನೆ ಕಪಾಟನ್ನು ಒರೆಸಿದೆವು.

ಯಾರಿಗೆ ಕೃತಜ್ಞತೆ ಹೇಳಬೇಕೆಂದು ತಿಳಿಯದೆ ನಿಮಗೆ ಬರೆಯುತ್ತಿದ್ದೇನೆ.

ನಾದಿನಿ

*

ಮಾರ್ಚ್ ೮

ಮುದ್ದಿನ ನಾದಿನಿಗೆ,

ತಾಂತ್ರಿಕ ಸಂಸ್ಥೆಯಲ್ಲಿ ನಿನಗೆ ಸ್ಥಳ ಸಿಕ್ಕಿದ ಸುದ್ದಿ ಓದಿ ಕ್ರೇನಿನ ಮೇಲೆಯೇ ಕೂಗಿಬಿಟ್ಟೆ. ಕೆಳಗಿದ್ದವರು ಸರಕು ಜಾರಿತೆಂದು ಓಡಿದರು.

ಆದರೆ ಆ ಸಂಸ್ಥೆ ನಿನ್ನ ಊರಿನಲ್ಲೂ ಇಲ್ಲ, ನನ್ನ ಊರಿನಲ್ಲೂ ಇಲ್ಲ ಎಂಬುದನ್ನು ಕಾಗದದ ಕೊನೆಯಲ್ಲಿ, ಸಹಿಗೂ ಕೆಳಗೆ, ಇರುವೆಯಂಥ ಅಕ್ಷರದಲ್ಲಿ ಬರೆದಿದ್ದೀಯೆ. ನಿನ್ನ ಅಣ್ಣನಿಗೆ ಬಂದರಿನ ಕೆಲಸ ಖಚಿತವಾಯಿತು, ಮನೆಯೂ ಬರಲಿದೆ. ಎಲ್ಲರೂ ಒಂದಾಗುವ ಹೊತ್ತಿಗೆ ನೀನು ಹೊರಡುವುದು ಸರಿಯೇ ಎಂದು ಕೇಳಿದ್ದೀಯೆ. ಅದಕ್ಕೆ ಉತ್ತರವನ್ನು ಒಂದು ವಾರವಲ್ಲ, ಎರಡು ವಾರ ಇಟ್ಟುಕೊಂಡೆ. ಏಕೆಂದರೆ ಮೊದಲ ವಾರ ಬಂದ ಉತ್ತರ ‘ಬೇಡ, ಹೋಗಬೇಡ’ ಎಂದಾಗಿತ್ತು.

ಎರಡನೆಯ ವಾರ ನನಗೆ ನನ್ನದೇ ಪ್ರಯಾಣ ನೆನಪಾಯಿತು. ಹಾಲು ಕುಡಿಯುವ ಮಗುವನ್ನು ನಿನ್ನ ಕೈಗೆ ಕೊಟ್ಟು ರೈಲು ಹತ್ತಿದವಳು ನಾನು. ಅಂದು ನೀನು ಬಾಗಿಲಲ್ಲಿ ಅತ್ತಿದ್ದರೆ ನಾನು ಇಳಿದುಬಿಡುತ್ತಿದ್ದೆ. ನೀನು ಅಳಲಿಲ್ಲ. ಬುಗುರಿಯ ಕೈ ಹಿಡಿದು ಟಾಟಾ ಮಾಡಿಸಿದೆ.

ಹೋಗಿ ಬಾ ಮರಿ. ಹೋಗು ಎನ್ನುವ ಹಕ್ಕು ನನಗಿಲ್ಲದಿದ್ದರೂ, ನಿಲ್ಲಿಸುವ ಹಕ್ಕು ಮೊದಲೇ ಇಲ್ಲ. ಇಲ್ಲಿ ಯಾವ ಮನೆ ಸಿಕ್ಕರೂ ಅದರಲ್ಲಿ ನಿನಗೊಂದು ಮಂಚವಿರುತ್ತದೆ.

ಅತ್ತಿಗೆ

*

ಜೂನ್ ೨೧

ಪ್ರೀತಿಯ ಅತ್ತಿಗೆಗೆ,

ವಸತಿಗೃಹದ ಕೋಣೆಯಿಂದ ಬರೆಯುತ್ತಿದ್ದೇನೆ. ಸಂಜೆಯಾಗಿದೆ. ಒಂದು ಮೇಜು, ಎರಡು ಮಂಚ, ಗೋಡೆಗೆ ಯಾರೋ ಅಂಟಿಸಿ ಕಿತ್ತ ಚಿತ್ರದ ನಾಲ್ಕು ಮೂಲೆಗಳು. ಜೊತೆಗಾತಿ ಇನ್ನೂ ಬಂದಿಲ್ಲ. ಮೊದಲ ದಿನವೇ ಬಿಳಿಯ ನಿಲುವಂಗಿ ಕೊಟ್ಟರು; ತೋಳು ಉದ್ದವಾಗಿ ಬೆರಳುಗಳೇ ಕಾಣಿಸುವುದಿಲ್ಲ. ತರಗತಿಯಲ್ಲಿ ನಿಜವಾದ ಮನುಷ್ಯರು ಪಕ್ಕಪಕ್ಕದಲ್ಲಿ ಕುಳಿತಿರುತ್ತಾರೆ. ಪರದೆಯ ಅಭ್ಯಾಸದಿಂದ, ಮಾತಾಡುವ ಮೊದಲು ಗುಂಡಿ ಒತ್ತಲು ಕೈ ಹೋಯಿತು. ಪಕ್ಕದವಳು ನೋಡಿ ನಕ್ಕಳು. ಅವಳೂ ಮನೆಯಿಂದಲೇ ಓದಿ ಬಂದವಳಂತೆ.

ಅಣ್ಣ ನನ್ನನ್ನು ಇಲ್ಲಿ ಇಳಿಸಿ, ಬುಗುರಿಯನ್ನು ಹೆಗಲ ಮೇಲೆ ಕೂರಿಸಿಕೊಂಡು, ‘ಏನಾದ್ರೂ ಬೇಕಾದ್ರೆ ಹೇಳು’ ಎಂದು ಐದಾರು ಸಲ ಹೇಳಿದ. ಹೊರಟವನು ತಿರುಗಿ ಬಂದು ಕೋಣೆಯ ಕಿಟಕಿಯ ಗಾಜನ್ನು ಬೆರಳಿನಿಂದ ತಟ್ಟಿ ನೋಡಿದ. ‘ಪರವಾಗಿಲ್ಲ, ಗಟ್ಟಿಯಾಗಿದೆ’ ಎಂದು ಹೊರಟ. ಅಷ್ಟನ್ನು ಹೇಳುವಾಗ ಅವನ ದನಿ ಮಾತ್ರ ಗಟ್ಟಿಯಿರಲಿಲ್ಲ. ಈ ಹೊತ್ತಿಗೆ ಅವರು ನಿಮ್ಮ ಬಾಗಿಲು ತಟ್ಟಿರಬೇಕು. ನೀವು ಮೂವರೂ ಬಂದರಿನ ಮನೆಯಲ್ಲಿ ಒಂದೇ ಸೂರಿನಡಿ ಇರುವ ಮೊದಲ ಸಂಜೆ ಇದು. ಇದನ್ನು ತರಬೇಕೆಂದು ನಾನು ಎಷ್ಟೆಲ್ಲ ಲೆಕ್ಕ ಹಾಕಿದೆ! ಬಂದದ್ದು ನನ್ನ ಲೆಕ್ಕದಿಂದಲ್ಲ. ಆದರೂ ಬಂತು.

ನಾನು ಒಬ್ಬಳೇ ಕುಳಿತಿದ್ದೇನೆ. ಅಳು ಬರುತ್ತದೆಂದು ಕಾದೆ. ನಿಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ನೆನೆದೆ. ನೆನೆದಷ್ಟೂ ಮನಸ್ಸು ತುಂಬಿಬಂತೇ ಹೊರತು ಅಳು ಬರಲಿಲ್ಲ. ಕೆಳಗೆ ಊಟದ ಗಂಟೆ ಬಾರಿಸುತ್ತಿದ್ದಾರೆ. ಅತ್ತಿಗೆ, ನನಗೆ ಭಯಂಕರ ಹಸಿವಾಗುತ್ತಿದೆ. ಹೋಗಿ ಊಟ ಮಾಡುತ್ತೇನೆ.

ನಿಮ್ಮ ನಾದಿನಿ